ಒದ್ದೆ ಸೀರೆಯ ಹರಕೆ

ಕೋಳಿ ಕೂಗುವ ಮುಂಚೆ ಚಿಕ್ಕಲಕ್ಷ್ಮಮ್ಮ ಕೊಟ್ಟಿಗೆ ಬಾಚಬೇಕು, ಹಾಲು ಕರೆಯಬೇಕು, ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸಿ ಒಲೆ ಹಚ್ಚಬೇಕು, ಬಾಗಿಲಿಗೆ ಸಗಣಿ ನೀರು ಹಾಕಿ ರಂಗೋಲಿ ಬಿಡಬೇಕು, ಮುದ್ದೆಗೆ ಎಸರಿಡಬೇಕು. ಹಂಡೆಯ ಬಿಸಿನೀರು ಗಂಡ ನಂಜುಂಡಪ್ಪನಿಗೆ. ಅವಳಿಗೆ ಬಾವಿಕಟ್ಟೆಯ ಮೇಲೆ ತಣ್ಣೀರು. ಆಮೇಲೆ ಅದೇ ಒದ್ದೆ ಸೀರೆಯಲ್ಲಿ ಅರಳಿಕಟ್ಟೆಗೆ ಹೋಗಿ, ನಾಗರಕಲ್ಲಿಗೆ ಹಾಲೆರೆದು ಸುತ್ತು ಬರಬೇಕು.

ಹಾವು ಹೊಡೆದವಳು ಅವಳಲ್ಲ. ಎಪ್ಪತ್ತೆರಡನೇ ಇಸವಿಯಲ್ಲಿ ಹೊಸಹಳ್ಳಿಯ ಹೊಲವನ್ನು ಸೈಟು ಮಾಡುವಾಗ ಹುತ್ತ ಅಗೆಸಿದ್ದು, ಹೊರಬಂದ ನಾಗರವನ್ನು ಹಾರೆಯಿಂದ ಜಜ್ಜಿದ್ದು ನಂಜುಂಡಪ್ಪ. ಆ ಶೌರ್ಯವನ್ನು ಟೀ ಅಂಗಡಿಯಲ್ಲಿ ಎರಡು ವರ್ಷ ಕೊಚ್ಚಿಕೊಂಡ. ಹೆಂಡತಿಯ ಬಸಿರು ಇಳಿದಾಗ ಶಾಸ್ತ್ರ ಕೇಳಿದರು, ನಾಗದೋಷ ಎಂದಾಯಿತು. ಶೌರ್ಯ ಗಂಡನದು, ದೋಷ ಹೆಂಡತಿಯದು. ಆ ಮನೆಯಲ್ಲಿ ಪಾಲು ಹಂಚಿದ್ದು ಹೀಗೆ.

ಹರಕೆ ಶುರುವಾಯಿತು. ಚಳಿಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಸುತ್ತಿ ಜ್ವರ ಹತ್ತಿ ಎರಡನೆಯ ಬಸಿರೂ ಇಳಿಯಿತು. ಭಕ್ತಿ ಸಾಲದು ಎಂದು ಹರಕೆಯನ್ನು ಮುಂದುವರಿಸಿದರು! ಈಗ ಮತ್ತೆ ಮೂರು ತಿಂಗಳು. ಮಾರ್ಗಶಿರದ ಚಳಿ.

"ಅತ್ತೆ, ಮೈ ಸುಡ್ತಾ ಇದೆ. ಇವತ್ತೊಂದಿನ ಅವರೇ ಸುತ್ತಿ ಬರಲಿ. ಹೊಡೆದೋರು ಅವರೇ ಅಲ್ವಾ?"

"ಗಂಡಸ್ಗೆ ಎಲ್ಲಾದ್ರೂ ದೋಷ ತಟ್ತದೇನೇ? ತಟ್ಟೋದು ಬಸುರಿಗೆ," ಎಂದಳು ಅತ್ತೆ ಮುನಿತಾಯಮ್ಮ, ಕಿವಿಗೆ ಮಫ್ಲರು ಬಿಗಿದುಕೊಳ್ಳುತ್ತ. "ಸೀರೆ ಒಣಗೋದ್ರೊಳಗೆ ಹೊರಡು."

ಕಂಬಳಿಯೊಳಗಿಂದ ನಾಗಸಂಹಾರಿಯ ದನಿ ಬಂತು: "ಲೇ, ಬಾಗ್ಲು ಹಾಕ್ಕೊಂಡು ಹೋಗೇ. ಥಂಡಿ ಬತ್ತದೆ."

ಬಾಗಿಲು ಹಾಕಿಕೊಂಡೇ ಹೋದಳು. ಹೂವಿನ ಬುಟ್ಟಿಯ ತಳದಲ್ಲಿ ಒಂದು ಒಣ ಸೀರೆ ಇತ್ತು.

ಕಟ್ಟೆಯ ಬಳಿ ನರಪಿಳ್ಳೆಯೂ ಇರಲಿಲ್ಲ. ಭೂಮಿಯನ್ನೇ ಹೊತ್ತ ಆದಿಶೇಷನಿಗೆ ಒಂದು ಒದ್ದೆ ಸೀರೆ ಭಾರವಾದೀತೆ? ಮರದ ಮರೆಗೆ ನಿಂತು ಸೀರೆ ಬದಲಿಸಿದಳು. ಒದ್ದೆಯದನ್ನು ಹಿಂಡಲೂ ಇಲ್ಲ. ಸಾಲು ನಾಗರಕಲ್ಲುಗಳ ಹೆಡೆಯ ಮೇಲೆ ಹರವಿದಳು. ಹರಕೆ ಬೇಕಾದವರು ಉಟ್ಟು ಸುತ್ತಲಿ. ಕಟ್ಟೆಯ ಮೇಲೆ ಕುಳಿತು ಚೊಂಬಿನ ಹಾಲನ್ನು ನಿಧಾನವಾಗಿ ತಾನೇ ಕುಡಿದಳು.

ಎಡಕ್ಕೆ ಹೋದರೆ ಮನೆ, ಕುದಿಯುವ ಹಂಡೆ, ಎಸರು. ಬಲಕ್ಕೆ ಲಗ್ಗೆರೆಯ ದಾರಿ, ಅವ್ವನ ಮನೆ.

ಚಿಕ್ಕಲಕ್ಷ್ಮಮ್ಮ ಸೆರಗನ್ನು ಹೊಟ್ಟೆಯ ಮೇಲೆ ಬೆಚ್ಚಗೆ ಎಳೆದುಕೊಂಡು ಬಲಕ್ಕೆ ತಿರುಗಿದಳು.