ಪ್ರಶ್ನೆ ಮುಗಿಯುವವರೆಗೆ ಮುಚ್ಚಿದ ತಟ್ಟೆ: ನಾಲ್ಕನೇ ಕೋಣೆಯ ದೊಡ್ಡಕ್ಕ

ಲಸಿಕೆ ಹಾಕುವುದನ್ನು ಒಂದು ವಾರದಲ್ಲಿ ಕಲಿಸಬಹುದು. ಲಸಿಕೆಗೆ ಹೆದರಿದವರ ಎದುರು ಕೂರುವುದನ್ನು ಕಲಿಸುವವರು ನಮ್ಮ ವೃತ್ತಿಯಲ್ಲಿ ವಿರಳ. ಅಂಥ ವಿರಳರಲ್ಲಿ ಅಗ್ರಗಣ್ಯರಾಗಿ, ಮೂವತ್ತಾರು ವರ್ಷ ಶುಶ್ರೂಷಕಿಯಾಗಿ ದುಡಿದು, ಅದರಲ್ಲಿ ಇಪ್ಪತ್ತೆರಡನ್ನು ಆಸ್ಪತ್ರೆಯ ನಾಲ್ಕನೇ ಕೋಣೆಗೇ ಧಾರೆಯೆರೆದ ದೊಡ್ಡಕ್ಕನವರು ಈಗ ನಿವೃತ್ತರಾಗಿದ್ದಾರೆ. ವೈದ್ಯರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರಿಗೂ ಅವರು ದೊಡ್ಡಕ್ಕನೇ. ಕಾಗದಪತ್ರದಲ್ಲಿರುವ ಹೆಸರು ಹಿಡಿದು ಯಾರಾದರೂ ವಿಚಾರಿಸಿಕೊಂಡು ಬಂದರೆ ನಾವೇ ತಬ್ಬಿಬ್ಬಾಗುತ್ತಿದ್ದೆವು.

ನಾಲ್ಕನೇ ಕೋಣೆ ಕಾರಿಡಾರಿನ ಕೊನೆಯಲ್ಲಿದೆ. ಲಸಿಕೆಯ ಫ್ರಿಜ್ಜು, ಕೈ ತೊಳೆಯುವ ಬೇಸಿನ್ನು, ಮೂರು ಕುರ್ಚಿ, ಸಿರಿಂಜುಗಳನ್ನಿಡುವ ಮುಚ್ಚಳದ ಸ್ಟೀಲ್ ತಟ್ಟೆ, ಇಷ್ಟೇ ಅಲ್ಲಿನ ಆಸ್ತಿ. ವಾರ್ಡುಗಳಲ್ಲಿ ಹದಿನಾಲ್ಕು ವರ್ಷ ಕಳೆದು ಅಲ್ಲಿಗೆ ಬಂದ ಮೊದಲ ವಾರದಲ್ಲೇ ದೊಡ್ಡಕ್ಕನವರು ಒಂದು ಕಟ್ಟಳೆ ಮಾಡಿದರು: ಎದುರಿಗೆ ಕೂತವರು ‘ಇನ್ನೇನೂ ಕೇಳೋದಿಲ್ಲ’ ಎನ್ನುವವರೆಗೆ ತಟ್ಟೆಯ ಮುಚ್ಚಳ ತೆಗೆಯುವಂತಿಲ್ಲ. ಹೊರಗೆ ಸಾಲು ಹನುಮಂತನ ಬಾಲವಾದರೂ ಸರಿಯೇ. ಮೇಲಧಿಕಾರಿಗಳು ಗಡಿಯಾರ ತೋರಿಸಿದರೆ, “ನಾನೇನೂ ನಿಧಾನ ಇಲ್ಲ ಸಾರ್, ಅವರ ಭಯ ಉದ್ದ ಇದೆ” ಎನ್ನುತ್ತಿದ್ದರು. ಈ ಶಿಸ್ತಿನಿಂದಾಗಿ ಅವರು ಬಿಸಿ ಚಹಾ ಕುಡಿದದ್ದನ್ನು ಮಾತ್ರ ನಮ್ಮಲ್ಲಿ ಯಾರೂ ಕಂಡಿಲ್ಲ.

ಈ ಲೇಖಕಿ ಆ ಕೋಣೆಗೆ ಕಿರಿಯಳಾಗಿ ಸೇರಿದಾಗ ಅವಳ ವಯಸ್ಸು ಇಪ್ಪತ್ತಮೂರು. ಬಾಯಿ ವಯಸ್ಸಿಗಿಂತ ದೊಡ್ಡದು. ಅದೇ ವರ್ಷ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಶಾಲೆಯ ಹೆಣ್ಣುಮಕ್ಕಳಿಗೆ ಹಾಕಲು ಶುರುವಾಯಿತು. ಜತೆಗೇ ಮೊಬೈಲಿನಿಂದ ಮೊಬೈಲಿಗೆ ಒಂದು ಸುದ್ದಿಯೂ ಹರಿದಾಡಿತು: ಹಾಕಿಸಿಕೊಂಡ ಹುಡುಗಿಯರಿಗೆ ಮುಂದೆ ಮಕ್ಕಳಾಗುವುದಿಲ್ಲವಂತೆ. ಒಂದು ಬೆಳಿಗ್ಗೆ, ದೊಡ್ಡಕ್ಕನವರು ಸ್ಟೋರಿಗೆ ಹೋಗಿದ್ದಾಗ, ಹಿಂದಿನ ಬೀದಿಯ ಟೈಲರಮ್ಮ ಹನ್ನೊಂದು ವರ್ಷದ ಮಗಳೊಂದಿಗೆ ಬಂದು ಅದನ್ನೇ ಕೇಳಿದರು. ಈ ಲೇಖಕಿ ನಕ್ಕುಬಿಟ್ಟಳು. ನಗುತ್ತಲೇ ತಟ್ಟೆಯ ಮುಚ್ಚಳವನ್ನೂ ತೆಗೆದಳು. ಟೈಲರಮ್ಮ ಮಗಳ ಕೈ ಹಿಡಿದು ಎದ್ದು ಹೋದರು.

ಮರುದಿನ ಆ ಹುಡುಗಿಯ ತರಗತಿಯಿಂದ ಬರಬೇಕಿದ್ದ ಮೂವತ್ತೊಂದು ಮಕ್ಕಳಲ್ಲಿ ಬಂದವರು ಇಬ್ಬರು. ಕೇಳಿದ್ದಕ್ಕೆ ಉತ್ತರ ಕೊಡದೆ ನಕ್ಕರು ಎಂದಮೇಲೆ ಏನೋ ಮುಚ್ಚಿಡುತ್ತಿದ್ದಾರೆ ಎಂದು ಬೀದಿಗೆ ಬೀದಿಯೇ ಮಾತಾಡಿಕೊಂಡಿತ್ತು. ದೊಡ್ಡಕ್ಕನವರು ಗದರಲಿಲ್ಲ. ವರದಿಯಲ್ಲಿ ‘ನಮ್ಮ ಕೋಣೆಯ ತಪ್ಪು’ ಎಂದಷ್ಟೇ ಬರೆದು, “ನಡಿ, ಅವರ ಅಂಗಡಿಗೆ ಹೋಗಿ ಬರೋಣ. ಲಸಿಕೆ ಬಾಕ್ಸ್ ಬೇಡ, ಬರಿಗೈಲಿ” ಎಂದರು.

ಟೈಲರಮ್ಮ ಹೊಲಿಗೆ ಯಂತ್ರ ತುಳಿಯುವುದನ್ನು ನಿಲ್ಲಿಸದೆಯೇ ಹೇಳಿದರು: “ಇವಳು ಹುಟ್ಟೋಕೆ ಒಂಬತ್ತು ವರ್ಷ ಕಾದಿದ್ದೀನಿ. ಅಷ್ಟೂ ವರ್ಷ ಜನ ನನ್ನನ್ನ ಏನೇನಂದ್ರು ಅಂತ ನಿಮಗೇನು ಗೊತ್ತು? ನನ್ನ ಮಗಳಿಗೆ ಆ ಗತಿ ಬರಬಾರದು ಅಂತ ಕೇಳ್ದೆ. ಅದರಲ್ಲಿ ನಗೋದು ಏನಿತ್ತು?”

ಈ ಲೇಖಕಿಗೆ ತಲೆ ಎತ್ತಲಾಗಲಿಲ್ಲ. “ತಪ್ಪಾಯ್ತಮ್ಮ” ಎಂದಳು. ಟೈಲರಮ್ಮ ದೊಡ್ಡಕ್ಕನವರ ಕಡೆ ತಿರುಗಿ, “ಯಾವ ಲಸಿಕೆ ಬಂದ್ರೂ ಮೊದಲು ನೀವೇ ಚುಚ್ಚಿಸ್ಕೋತೀರಂತೆ. ನಿಮಗೂ ಮಕ್ಕಳಿಲ್ಲವಂತೆ. ಇದಕ್ಕೇನು ಹೇಳ್ತೀರಿ?” ಎಂದರು.

ಇಡೀ ಆಸ್ಪತ್ರೆಯಲ್ಲಿ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ ಅದು. ದೊಡ್ಡಕ್ಕನವರು, “ಇಲ್ಲ, ನಿಜ. ಹತ್ತು ವರ್ಷ ಡಾಕ್ಟರ ಮನೆ ಬಾಗಿಲು ಸವೆಸಿದ್ವಿ, ಕಾರಣ ಯಾರಿಗೂ ಸಿಗಲಿಲ್ಲ. ಅತ್ತಿದ್ದೂ ಆಯ್ತು. ಅದು ಈ ಲಸಿಕೆ ಬರೋಕೆ ಮುಂಚಿನ ಕಥೆ. ಇದರಿಂದ ಬಂಜೆತನ ಬರುತ್ತಾ ಅಂತ ಎಷ್ಟೋ ದೇಶಗಳಲ್ಲಿ ನೋಡಿದ್ದಾರೆ, ಹಾಗೆ ಕಂಡುಬಂದಿಲ್ಲ. ತೋಳು ನೋಯುತ್ತೆ, ಜ್ವರ ಬರಬಹುದು, ಕೆಲವರಿಗೆ ತಲೆ ತಿರುಗುತ್ತೆ. ಆದ್ರೆ ಆ ಕ್ಯಾನ್ಸರ್ ಬಂದು ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸ್ಕೊಂಡವರನ್ನ ವಾರ್ಡಲ್ಲಿ ನಾನೇ ನೋಡ್ಕೊಂಡಿದ್ದೀನಿ” ಎಂದರು.

ಯಂತ್ರ ನಿಂತಿತು. ಟೈಲರಮ್ಮ ಬಟ್ಟೆಯ ಗಂಟು ಸರಿಸಿ ಸ್ಟೂಲು ಎಳೆದುಕೊಟ್ಟರು. ಆಮೇಲೆ ಅರ್ಧ ಗಂಟೆ ಆ ಇಬ್ಬರು ಮಾತಾಡಿದ್ದು ಲಸಿಕೆಯ ಬಗ್ಗೆ ಅಲ್ಲವೇ ಅಲ್ಲ, ತಾವು ಕಾದ ವರ್ಷಗಳ ಬಗ್ಗೆ. ಇನ್ನೂ ಮೂರು ಮಧ್ಯಾಹ್ನ ಅದೇ ಸ್ಟೂಲಿನ ಮೇಲೆ ಕಳೆದವು. ಅದರ ಮರುವಾರ ಟೈಲರಮ್ಮ ಮಗಳನ್ನು ಕರೆದುಕೊಂಡು ಬಂದರು. ಹಿಂದೆ ಹನ್ನೊಂದು ಮಂದಿ ತಾಯಂದಿರಿದ್ದರು. ದೊಡ್ಡಕ್ಕನವರು ಒಬ್ಬೊಬ್ಬರನ್ನೂ “ಇನ್ನೇನಾದ್ರೂ ಕೇಳೋದಿದೆಯಾ?” ಎಂದು ವಿಚಾರಿಸಿಯೇ ಮುಚ್ಚಳ ತೆಗೆದರು.

ಈಗ ದೊಡ್ಡವಳಾಗಿ ಮದುವೆಯಾಗಿರುವ ಆ ಹುಡುಗಿಗೆ ಕಳೆದ ವರ್ಷ ಹೆಣ್ಣು ಮಗುವಾಯಿತು. ತಾಯಿ-ಮಗುವಿನ ಫೋಟೋ ಕೋಣೆಯ ಗೋಡೆಗೆ ಹಾಕಿದರೆ ಗಾಳಿಸುದ್ದಿಯ ಬಾಯಿ ಮುಚ್ಚೀತು ಎಂದು ಈ ಲೇಖಕಿ ಕುಣಿದಾಡಿದಳು. ದೊಡ್ಡಕ್ಕನವರು ಒಪ್ಪಲಿಲ್ಲ. “ಒಬ್ಬಳ ತೊಟ್ಟಿಲು ತೋರಿಸಿ ವಾದ ಗೆಲ್ಲಬೇಡ. ನಾಳೆ ಇನ್ನೊಬ್ಬಳಿಗೆ ಮಕ್ಕಳಾಗದೆ ಹೋದ್ರೆ, ಅವಳ ನೋವನ್ನೂ ಜನ ಹೀಗೇ ಗೋಡೆಗೆ ಹಾಕ್ತಾರೆ” ಎಂದರು. ಅವರಿಂದ ಕಲಿತದ್ದರಲ್ಲಿ ಈ ಲೇಖಕಿ ಅತಿ ಹೆಚ್ಚು ನೆನೆಯುವ ಪಾಠ ಇದೇ.

ಸೇವೆಯ ಕೊನೆಯ ದಿನ ದೊಡ್ಡಕ್ಕನವರು ಫ್ರಿಜ್ಜಿನ ಉಷ್ಣಾಂಶ ಬರೆದು, ಕೀಲಿಕೈಯನ್ನು ಈ ಲೇಖಕಿಯ ಕೈಗೆ ಕೊಡುತ್ತಿದ್ದಾಗ ಟೈಲರಮ್ಮ ಲಸಿಕೆಗೆಂದು ಮೊಮ್ಮಗಳನ್ನೆತ್ತಿಕೊಂಡು ಬಂದರು. ಈ ಲೇಖಕಿಯನ್ನು ದಿಟ್ಟಿಸಿ ನೋಡಿ, “ಆವತ್ತು ನಕ್ಕಿದ್ದು ಇವಳೇ ಅಲ್ವಾ? ಇನ್ಮೇಲೆ ಇಲ್ಲಿ ಇವಳೇನಾ?” ಎಂದು ಕೇಳಿದರು.

“ಇವಳೇ” ಎಂದರು ದೊಡ್ಡಕ್ಕನವರು. “ಈಗ ಕೇಳಿಸ್ಕೋತಾಳೆ.”

ಟೈಲರಮ್ಮ ಮಗುವನ್ನು ಈ ಲೇಖಕಿಯ ಮಡಿಲಿಗೆ ಕೊಟ್ಟು, ಎದುರಿನ ಕುರ್ಚಿಯಲ್ಲಿ ಕೂತು, ಪ್ರಶ್ನೆಗಳನ್ನು ಶುರುಮಾಡಿದರು. ತಟ್ಟೆ ಮುಚ್ಚಿಯೇ ಇತ್ತು.

ದೊಡ್ಡಕ್ಕನವರಿಗೆ ನೂರ್ಕಾಲ ಆಯುರಾರೋಗ್ಯವಿರಲಿ. ಇನ್ನಾದರೂ ಚಹಾ ಬಿಸಿಯಾಗಿ ಸಿಗಲಿ. ಮನೆಯ ಬಾಗಿಲಿಗೆ ಪ್ರಶ್ನೆ ಹೊತ್ತು ಬರುವವರನ್ನು ಅವರು ಒಳಗೆ ಕರೆಯದೆ ಇರಲಾರರೆಂದು ನಾವು ಬಲ್ಲೆವು. ಅಲ್ಲಿ ಮುಗಿಯದ ಪ್ರಶ್ನೆಗಳನ್ನು ಅವರು ನಾಲ್ಕನೇ ಕೋಣೆಗೆ ಕಳಿಸಿಕೊಡಲಿ. ಇಲ್ಲಿ ಯಾರೂ ನಗುವುದಿಲ್ಲ.