ಫಾದರ್ ಕೊಸ್ಮಸ್ ಕಾದ ಬಸ್ಸು

ಕಜೆಟನ್ ಪಿಂಟೋನಿಗೆ ಆ ಗ್ರೀಕ್ ಪಾದ್ರಿಯನ್ನು ಕಂಡರೆ ಆಗುತ್ತಿರಲಿಲ್ಲ. ಕಾರಣ ಕೇಳಿದರೆ ದಿನಕ್ಕೊಂದು ಹೇಳುತ್ತಿದ್ದ. ಗಡ್ಡ ಅತಿಯಾಯಿತು, ಬಹ್ರೈನಿನ ಸೆಕೆಯಲ್ಲಿ ಆ ಕಪ್ಪು ನಿಲುವಂಗಿ ಯಾರನ್ನು ಮೆಚ್ಚಿಸಲು, ಪಾದ್ರಿ ಅಂದ ಮೇಲೆ ಹೆಂಡತಿ ಎಂಥದ್ದು! ಅವರ ಪಂಗಡದಲ್ಲಿ ಮದುವೆಯಾದವರೂ ಪಾದ್ರಿಗಳಾಗಬಹುದು ಎಂದು ಕಜೆಟನ್‌ನ ಹೆಂಡತಿ ಅಪೊಲಿನ್ ಎಷ್ಟು ಬಿಡಿಸಿ ಹೇಳಿದರೂ ಅವನ ತಲೆಗೆ ಹತ್ತಲಿಲ್ಲ. ಹತ್ತುವುದು ಅವನಿಗೆ ಬೇಕಾಗಿಯೂ ಇರಲಿಲ್ಲ. ನಿಜವಾದ ಕಾರಣ ಒಂದೇ, ಹೊಟ್ಟೆಕಿಚ್ಚು.

ಫಾದರ್ ಕೊಸ್ಮಸ್ ಹುಟ್ಟಿದ್ದು ಗ್ರೀಸಿನ ಒಂದು ಸಣ್ಣ ದ್ವೀಪದಲ್ಲಿ. ಅಪ್ಪ ಕಡಲಿನಲ್ಲಿ ಮುಳುಗಿ ಸ್ಪಂಜು ಕೀಳುವವನು. ಹುಡುಗ ನೀರಿಗೆ ಹೆದರಿ ಪಟ್ಟಣಕ್ಕೆ ಓಡಿದ, ಪತ್ರಿಕೆಯ ಕಚೇರಿ ಸೇರಿದ, ಮದುವೆಯಾದ, ಆಮೇಲೆ ದೀಕ್ಷೆ ಪಡೆದು ಪಾದ್ರಿಯಾದ. ಬೈರೂತಿನಲ್ಲಿದ್ದಾಗ ಅಲ್ಲಿ ಯುದ್ಧ ಹತ್ತಿಕೊಂಡಿತು. ಹೆಂಡತಿ ಎಲೆನಿಯೊಡನೆ ಬಹ್ರೈನಿಗೆ ಬಂದಿಳಿದರು. ನೀರಿಗೆ ಹೆದರಿದವರು ಕಡೆಗೂ ಸೇರಿದ್ದು ಇನ್ನೊಂದು ದ್ವೀಪವನ್ನೇ. ಶುಕ್ರವಾರ ಇಲ್ಲಿನ ಬೆರಳೆಣಿಕೆಯ ಗ್ರೀಕರಿಗೆ ಪೂಜೆ, ಉಳಿದ ದಿನ ಹಡಗಿನವರಿಗಾಗಿ ಇಂಗ್ಲಿಷಿನಲ್ಲಿ ಒಂದು ಪುಟ್ಟ ವಾರಪತ್ರಿಕೆ.

ಕಜೆಟನ್ ಕೂಡ ಬರೆಯುವವನೇ. ಸಿತ್ರಾದ ಒಂದು ಕಂಪೆನಿಯಲ್ಲಿ ಗುಮಾಸ್ತನಾಗಿದ್ದುಕೊಂಡು ಮಂಗಳೂರಿನ ವಾರಪತ್ರಿಕೆಯೊಂದಕ್ಕೆ ಬಹ್ರೈನಿನ ಸುದ್ದಿ ಕಳಿಸುತ್ತಿದ್ದ. ಪಿಕ್‌ನಿಕ್ಕಿಗೆ ಯಾರು ಯಾರು ಬಂದರು, ಹಗ್ಗಜಗ್ಗಾಟದಲ್ಲಿ ಯಾರು ಗೆದ್ದರು, ಇಷ್ಟೇ. ಆದರೂ ಅವನಿದ್ದ ಉಮ್ ಅಲ್ ಹಸ್ಸಮ್ ಬಡಾವಣೆಯ ಊರವರು ಅವನನ್ನು ‘ನಮ್ಮ ಪತ್ರಕರ್ತ’ ಅನ್ನುತ್ತಿದ್ದರು. ಫಾದರ್ ಬಂದ ಮೇಲೆ ಆ ಮಾತು ನಿಂತಿತು. ನರ್ಸಾಗಿದ್ದ ಅಪೊಲಿನ್‌ಗಂತೂ, ಕಾಯಿಲೆ ಬಿದ್ದ ಖಲಾಸಿಗಳನ್ನು ನೋಡಲು ಆಸ್ಪತ್ರೆಗೆ ಬರುವ ಫಾದರ್ ಎಂದರೆ ಪ್ರಾಣ.

“ನನ್ನ ಅಪ್ಪನ ಹೆಸರೇ ಮಾರಾಯ್ರೆ, ಕೊಸ್ಮಸ್! ನಗುವುದು ಸಹ ಹಾಗೇ.”

“ನಿನ್ನ ಅಪ್ಪನಿಗೆ ಅಷ್ಟು ಗಡ್ಡ ಇರ್ಲಿಲ್ಲ,” ಎಂದು ಕಜೆಟನ್ ಮುಖ ತಿರುಗಿಸುತ್ತಿದ್ದ.

ಆದರೆ ಒಳಗೊಳಗೇ ಒಂದು ಆಸೆ. ಬಹ್ರೈನಿನಲ್ಲಿ ಅಚ್ಚಾಗುವ ಪತ್ರಿಕೆಯಲ್ಲಿ, ಇಂಗ್ಲಿಷಿನಲ್ಲಿ, ತನ್ನ ಹೆಸರು ಒಮ್ಮೆಯಾದರೂ ಬರಬೇಕು. ಸಿತ್ರಾಕ್ಕೆ ಹೋಗುವ ಶಿಫ್ಟ್ ಬಸ್ಸಿನ ಬಗ್ಗೆ ಲೇಖನ ಬರೆದ. ತುಳುವರು ಕಿಟಕಿಗಾಗಿ ನುಗ್ಗುವುದು, ಬ್ಯಾರಿಗಳು ಹಿಂದಿನ ಸೀಟಿನಲ್ಲಿ ರಾಜಕೀಯ ಬಿಚ್ಚುವುದು, ಕೊಂಕಣಿಯವರು ಜಪಮಾಲೆ ಹಿಡಿದೇ ಗೊರಕೆ ಹೊಡೆಯುವುದು. ಬರೆದು, ಹರಿದು, ಮತ್ತೆ ಬರೆದು, ಟೈಪ್ ಮಾಡಿ ಒಯ್ದು ಕೊಟ್ಟ. ಫಾದರ್ ಅವನೆದುರೇ ಓದಿ ಗಹಗಹಿಸಿ ನಕ್ಕರು.

“ಇದನ್ನು ಹಾಕ್ತೀರಾ ಫಾದರ್?”

“ನೆ, ನೆ!” ಅಂದರು ಫಾದರ್. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು, ಅವರು ಆ ಕಡೆ ತಿರುಗಿದರು.

ಸೂಕ್ ಎಂಬ ಅಲ್ಲಿನ ಪೇಟೆಯ ಅಂಗಡಿಗಳಲ್ಲಿ ಹರುಕುಮುರುಕು ಹಿಂದಿಯಲ್ಲಿ ಚೌಕಾಶಿ ಮಾಡುವಾಗ ಫಾದರ್ ‘ನೈ, ನೈ’ ಅನ್ನುವುದನ್ನು ಕಜೆಟನ್ ಎಷ್ಟೋ ಸಲ ಕೇಳಿದ್ದ. ಇದೂ ಅದೇ. ಅಷ್ಟು ನಕ್ಕು ಕೊನೆಗೆ ಬೇಡ ಅಂದುಬಿಟ್ಟರಲ್ಲ! ಮೈಯೆಲ್ಲ ಉರಿದುಹೋಯಿತು. ಮೇಜಿನ ಮೇಲಿದ್ದ ಹಾಳೆಗಳನ್ನು ಬಾಚಿಕೊಂಡು ಹೊರಬಂದ.

ಮುಂದಿನ ಸಂಚಿಕೆಯಲ್ಲೇ ಫಾದರ್ ಅವರದೊಂದು ಅಂಕಣ ಶುರುವಾಯಿತು, ‘ಬಂದರುಕಟ್ಟೆ’ ಅಂತ. ಅಪ್ಪನ ಸ್ಪಂಜು, ಇಲ್ಲಿ ಹಿಂದೆ ಮುತ್ತು ಕೀಳುತ್ತಿದ್ದ ಮುದುಕರು, ಟುಬ್ಲಿಯ ಗ್ಯಾರೇಜಿನವರು, ಎಲ್ಲರೂ ಅದರಲ್ಲಿ ಬಂದರು. ಉಳ್ಳಾಲದ ಅಬೂಬಕರ್ ತನ್ನ ಬಗ್ಗೆ ಬಂದದ್ದಕ್ಕೆ ಗಾಜು ಹಾಕಿಸಿ ಗ್ಯಾರೇಜಿನಲ್ಲಿ ತೂಗುಹಾಕಿದ. “ನೀವು ಇಷ್ಟು ವರ್ಷ ಇದ್ದೀರಿ, ನನ್ನ ಬಗ್ಗೆ ಒಂದು ಸಾಲು ಬರ್ದಿದ್ದೀರಾ?” ಎಂದು ಕಜೆಟನ್‌ನನ್ನೇ ಕೇಳಿದ. ಈ ಅಂಕಣಕ್ಕೆ ಜಾಗ ಬೇಕಿತ್ತು, ತನ್ನ ಲೇಖನ ಬೇಡವಾದದ್ದು ಅದಕ್ಕೇ ಎಂದು ಕಜೆಟನ್‌ಗೆ ಖಾತ್ರಿಯಾಯಿತು. ಬಸ್ಸಿನ ಹಾಳೆಗಳನ್ನು ಚೂರುಚೂರು ಮಾಡಿ ಕಸಕ್ಕೆ ಹಾಕಿದ.

ಗಾಯದ ಮೇಲೆ ಉಪ್ಪು ಸವರಿದಂತೆ ಫಾದರ್ ಕಂಡಾಗಲೆಲ್ಲ ದೂರದಿಂದಲೇ ಕೂಗುತ್ತಿದ್ದರು, “ಮಿಸ್ಟರ್ ಪಿಂಟೋ, ಬಸ್ಸು ಇನ್ನೂ ಬರಲಿಲ್ಲವೇ?”

“ಬಸ್ಸು ಬಾರದಿದ್ರೆ ನಡ್ಕೊಂಡು ಹೋಗ್ತೇನೆ, ಅವನಿಗೆಂತ?” ಎಂದು ಕಜೆಟನ್ ಮನೆಯಲ್ಲಿ ಹಾರಾಡುತ್ತಿದ್ದ.

ಹೀಗೇ ವರ್ಷಗಳು ಹೋದವು. ಎಂಬತ್ತರ ದಶಕದ ನಡುವೆ ಫಾದರ್‌ಗೆ ಸ್ವದೇಶಕ್ಕೆ ಮರಳಲು ಅಪ್ಪಣೆ ಬಂತು. ಅಪೊಲಿನ್ ಹಟ ಹಿಡಿದು ಗಂಡಹೆಂಡಿರನ್ನು ಊಟಕ್ಕೆ ಕರೆದಳು. ಊಟವಾದ ಮೇಲೆ ಕಾಫಿ ತಂದು ಎಲೆನಿಯನ್ನು ಕೇಳಿದಳು, “ಸಕ್ಕರೆ ಹಾಕ್ಲಾ?”

“ನೆ, ನೆ,” ಅಂದರು ಎಲೆನಿ.

ಅಪೊಲಿನ್ ಚಮಚ ಹಿಂದಕ್ಕೆ ತೆಗೆದಳು. ಎಲೆನಿ ಬಿದ್ದುಬಿದ್ದು ನಕ್ಕರು. “ನಮ್ಮ ಭಾಷೆಯಲ್ಲಿ ನೆ ಅಂದರೆ ಹೌದು! ಬಂದಾಗಿನಿಂದ ನೀವೆಲ್ಲ ಸೇರಿ ನನಗೆ ಸಪ್ಪೆ ಕಾಫಿಯನ್ನೇ ಕುಡಿಸಿದ್ದೀರಿ.”

ಕಜೆಟನ್ ಕಾಫಿಯ ಲೋಟ ಕೆಳಗಿಟ್ಟ.

“ಫಾದರ್,” ಅಂದ ಕಷ್ಟಪಟ್ಟು, “ಆ ಬಸ್ಸಿನ ಲೇಖನ...”

“ಅದನ್ನೇ ಅಲ್ಲವೇ ನಾನು ಕೇಳುತ್ತಾ ಬಂದದ್ದು! ಹಾಕುತ್ತೇನೆ ಅಂದೆ. ಫೋನ್ ಇಟ್ಟು ನೋಡಿದರೆ ನೀವೂ ಇಲ್ಲ, ಹಾಳೆಯೂ ಇಲ್ಲ. ತಿದ್ದಿ ತರುತ್ತೀರಿ ಅಂತ ಜಾಗ ಬಿಟ್ಟು ಕಾದೆ. ಖಾಲಿ ಅಚ್ಚು ಹಾಕಲು ಆಗುತ್ತದೆಯೇ? ಅಪ್ಪನ ಕಥೆ ಏನೋ ಗೀಚಿ ತುಂಬಿಸಿದೆ. ಮುಂದಿನ ವಾರವೂ ನೀವು ಬರಲಿಲ್ಲ, ಮತ್ತೆ ಗೀಚಿದೆ. ‘ಬಂದರುಕಟ್ಟೆ’ ಆದದ್ದು ಹಾಗೆ. ಅದು ನಿಮ್ಮ ಜಾಗ, ಮಿಸ್ಟರ್ ಪಿಂಟೋ.”

ಅವರನ್ನು ಬೀಳ್ಕೊಟ್ಟು ಬಂದು ಕಜೆಟನ್ ಮುಖ ಗಂಟುಹಾಕಿ ಕೂತ.

“ಈಗ್ಲಾದ್ರೂ ಸಮಾಧಾನ ಆಯ್ತಾ? ಎಷ್ಟು ಒಳ್ಳೆಯವರು ನೋಡಿ,” ಅಂದಳು ಅಪೊಲಿನ್.

“ಒಳ್ಳೆಯವನೇ ಮಾರಾಯ್ತಿ,” ಅಂದ ಕಜೆಟನ್. “ಅದಕ್ಕೇ ಹೊಟ್ಟೆ ಉರಿಯುವುದು. ಇನ್ನು ಬೈಲಿಕ್ಕೆ ನನ್ನನ್ನು ಬಿಟ್ರೆ ಯಾರೂ ಉಳೀಲಿಲ್ಲ.”