ಕುಂಟು ಮೇಜಿನಡಿ ಗುರುಗಳ ಕೊಡುಗೆ

ಹೋಟೆಲಿನ ಮೇಜಿಗೆ ನಾಲ್ಕು ಕಾಲುಗಳಿರುತ್ತವೆಂಬುದು ಬರಿಯ ಲೋಕಾಭಿಪ್ರಾಯ. ನಾನು ಕುಳಿತಲ್ಲೆಲ್ಲ ಮೂರು ಮಾತ್ರ ನೆಲವನ್ನು ನಂಬಿ ನಿಂತು, ನಾಲ್ಕನೆಯದು ತಾಗಲೋ ಬೇಡವೋ ಎಂಬ ಧರ್ಮಸಂಕಟದಲ್ಲಿ ತೂಗುತ್ತಿರುತ್ತದೆ. ನೀವಾದರೆ ಚೆಲ್ಲಿದ ಕಾಫಿ ಒರೆಸಿ ಸುಮ್ಮನಾಗುತ್ತೀರಿ. ನಾನೋ, ಐವತ್ತೆರಡರ ಪ್ರಾಯದಲ್ಲಿ ಕೊಲೆಸ್ಟರಾಲಿನ ವರದಿಯನ್ನು ಜೇಬಿನಲ್ಲಿಟ್ಟುಕೊಂಡೇ ಮಸಾಲೆದೋಸೆ ತಿನ್ನುವ ಚಿಂತಾಜೀವಿ.

ಕಳೆದ ಭಾನುವಾರ ಚೆಂಬೂರು ಸ್ಟೇಷನ್ ಪಕ್ಕದ ಉಡುಪಿ ಹೋಟೆಲಿನಲ್ಲಿ ಕುಳಿತಾಗ ಆ ಜೇಬಿನಲ್ಲಿ ಇನ್ನೊಂದು ಕಾಗದವೂ ಇತ್ತು: ದಿವಂಗತ ಗುರುಗಳ ಕೊಡುಗೆಯ ಬಗ್ಗೆ ಆ ಸಂಜೆ ಕನ್ನಡ ಸಂಘದಲ್ಲಿ ನಾನು ಓದಬೇಕಿದ್ದ ಭಾಷಣ. ಹೊಸ ಉಪಾಯಗಳು ಹೇಗೆ ಹುಟ್ಟಿ ಹೇಗೆ ಹರಡುತ್ತವೆಂಬುದನ್ನು ಅರ್ಥಶಾಸ್ತ್ರದ ಅಂಗಳಕ್ಕೆ ತಂದ ಮೊದಲಿಗರಲ್ಲಿ ಅವರೊಬ್ಬರು. ಉಳಿದ ಪಂಡಿತರು ಗ್ರಂಥಾಲಯದಲ್ಲಿ ತೂಕಡಿಸುವಾಗ ಇವರು ಧಾರಾವಿಯ ಚರ್ಮದ ಕೆಲಸಗಾರರ ನಡುವೆ ಕುಕ್ಕರಗಾಲಲ್ಲಿ ಕೂತು, "ಮೊದಲ ಮಾಡಿದಾಂವ ಇರ್ಲಿ ಬಿಡ್ರಿ, ಅವನ್ನ ನೋಡಿ ಮಾಡಿದ ಎರಡನೇದಾಂವ ಯಾರು?" ಎಂದು ಕೇಳುತ್ತಿದ್ದರು. ಮೊದಲನೆಯವನದು ಬರಿಯ ಹುಚ್ಚಾಗಿರಬಹುದು, ಎರಡನೆಯವನು ಬಂದ ಮೇಲೆಯೇ ಅದು ವಿದ್ಯೆ ಎಂಬುದು ಅವರ ಸಿದ್ಧಾಂತದ ಸಾರ. ಅಷ್ಟು ದೊಡ್ಡವರನ್ನು ಅವರ ಪತ್ನಿ ಗಂಗಕ್ಕನ ಎದುರಿನಲ್ಲೇ ಕುಗ್ಗಿಸಿಬಿಡುವೆನೇನೋ ಎಂಬ ಭಯದಲ್ಲಿ ವಾರವಿಡೀ ನಾನು ಬೆವರಿದ್ದೆ.

ಮೇಜು ತೂಗಿತು. ಜೇಬಿನಿಂದ ಕೈಗೆ ಸಿಕ್ಕ ಕಾಗದವನ್ನು ಎಂಟಾಗಿ ಮಡಚಿ ಕಾಲಿನಡಿ ತುರುಕಿ, ನಿಶ್ಚಿಂತನಾಗಿ ಕಾಫಿ ಕುಡಿದೆ. ಸಂಜೆ ವೇದಿಕೆಯೇರಿ, ಕನ್ನಡಕ ಸರಿಪಡಿಸಿಕೊಂಡು, ಗಾಂಭೀರ್ಯದಿಂದ ಬಿಡಿಸಿದಾಗ ಕೈಯಲ್ಲಿದ್ದುದು ನನ್ನ ಕೊಲೆಸ್ಟರಾಲು.

ಸುಳ್ಳು ಹೇಳಲು ಬೇಕಾದ ಸಮಯಸ್ಫೂರ್ತಿ ನನಗಿಲ್ಲ. ಗುರುಗಳ ಕೊಡುಗೆಯು ಸದ್ಯ ಉಡುಪಿ ಹೋಟೆಲಿನ ನಾಲ್ಕನೇ ಮೇಜಿನ ಕಾಲಡಿ ಇದೆಯೆಂದು ಒಪ್ಪಿಕೊಂಡುಬಿಟ್ಟೆ. ಸಭೆ ನಕ್ಕಿತು, ಮುಂದಿನ ಸಾಲಿನ ಗಂಗಕ್ಕ ಮಾತ್ರ ನಗಲಿಲ್ಲ. ನೆನಪಿಗೆ ಬಂದಷ್ಟನ್ನು ತೊದಲಿ ಕೆಳಗಿಳಿದು, ಕ್ಷಮೆ ಕೇಳಲು ಅವರ ಬಳಿ ಹೋದೆ.

"ನಿಮ್ಮ ಸರ್ ಮನ್ಯಾಗಿನ ಕಪಾಟಿನ ಕಾಲಿಗೆ ತಮ್ಮ ಥೀಸಿಸ್ಸನ್ನ ಕೊಟ್ಟಿದ್ರಪಾ," ಎಂದರು ಗಂಗಕ್ಕ. "ಇನ್ನೂ ಅಲ್ಲೇ ಐತಿ, ಕಪಾಟ ಒಂದಿನ ಅಳ್ಳಾಡಿಲ್ಲ. ಇಷ್ಟ ವರ್ಷ ಹುಚ್ಚಂತ ಬೈಕೋತ ಬಂದೆ." ಆಮೇಲೆ ಕಣ್ಣೊರೆಸಿಕೊಂಡು ನಕ್ಕರು. "ಇವತ್ತ ಎರಡನೇದಾಂವ ಸಿಕ್ಕ."

ಮರುದಿನ ಬೆಳಿಗ್ಗೆ ಕಾಗದ ತರಲು ಹೋಟೆಲಿಗೆ ಹೋಗಿ ಮೇಜಿನಡಿ ಬಗ್ಗಿದೆ. ಸಪ್ಲೈಯರ್ ಸುಧಾಕರ ಓಡಿಬಂದ. "ಎಂತ ಸರ್, ಅದನ್ನು ತೆಗಿಬೇಡಿ ಮಾರಾಯ್ರೆ! ಟೇಬಲ್ ಏಕ್‌ದಮ್ ಫಿಟ್ ಆಗಿದೆ."

ಬರಿಗೈಯಲ್ಲಿ ಎದ್ದು, ಪಕ್ಕದ ಐದನೇ ಮೇಜಿನಲ್ಲಿ ಕುಳಿತು, ಅಭ್ಯಾಸಬಲದಿಂದ ಲೋಟವನ್ನು ಎರಡೂ ಕೈಯಲ್ಲಿ ಬಿಗಿಹಿಡಿದೆ. ಕಾಫಿ ತುಳುಕಲಿಲ್ಲ. ಬಗ್ಗಿ ನೋಡಿದರೆ ಅದರ ಕಾಲಡಿಯಲ್ಲೂ ಒಂದು ಹಳೆಯ ಮೆನು, ಎಂಟಾಗಿ ಮಡಚಿದ್ದು.